ಟೆರೇಸ್ ಮೇಲೆ ಜವಾರಿ ತೊಗರಿ: ಒಂದು ಕಿಲೋ ಕಾಳಿಗೆ ಇಷ್ಟೊಂದು ಪಾಡೇಕೆ?

ಹೈದರಾಬಾದ್: ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇಶದಲ್ಲಿ ತೊಗರಿಯ ಸರಾಸರಿ ಇಳುವರಿ ಹೆಕ್ಟೇರಿಗೆ ಒಂದು ಟನ್ ದಾಟುವುದಿಲ್ಲ. ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಹೆಚ್ಚೆಂದರೆ ನೂರು ಗ್ರಾಂ. ಹತ್ತು ಚದರ ಮೀಟರ್ ಟೆರೇಸ್ ಪೂರ್ತಿ ತೊಗರಿಗೇ ಬಿಟ್ಟುಕೊಟ್ಟು, ಜೂನ್‌ನಿಂದ ಜನವರಿಯವರೆಗೆ ಕಾದರೆ ಸಿಗುವುದು ಒಂದು ಕಿಲೋ ಕಾಳು. ಅದನ್ನು ಬೇಳೆ ಮಾಡಿದರೆ ಮುಕ್ಕಾಲು ಕಿಲೋ ಕೂಡ ಆಗುವುದಿಲ್ಲ. ತಿಂಗಳಿಗೆ ಎರಡು ಕಿಲೋ ಬೇಳೆ ಬೇಯಿಸುವ ಮನೆಗೆ ಇದು ಹತ್ತು-ಹನ್ನೆರಡು ದಿನದ ಸಾರು, ಅಷ್ಟೆ.

ಹಾಗಿದ್ದರೂ ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಮನೆಗಳ ಹಿತ್ತಲಲ್ಲಿ, ಕಾಂಪೌಂಡ್ ಪಕ್ಕದಲ್ಲಿ, ಈಗೀಗ ಟೆರೇಸ್ ಮೇಲಿನ ಗ್ರೋ ಬ್ಯಾಗ್‌ಗಳಲ್ಲಿ ತೊಗರಿ ಗಿಡ ಕಾಣಸಿಗುತ್ತದೆ. ಊರಿನಿಂದ ಬರುವಾಗ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದ ಒಂದು ಹಿಡಿ ಜವಾರಿ ಬೀಜ ಅದು. ಬೇಳೆಯ ಲೆಕ್ಕದಲ್ಲಿ ಈ ಬೆಳೆ ಕುದುರುವುದಿಲ್ಲ, ನಿಜ. ಆದರೆ ಬೀಜದ ಲೆಕ್ಕವೇ ಬೇರೆ. ಆ ಲೆಕ್ಕ ಅರ್ಥವಾಗಬೇಕಾದರೆ ಇದೇ ನಗರದ ಅಂಚಿನಲ್ಲಿರುವ ಪಟಾನ್‌ಚೆರುವಿಗೆ ಹೋಗಬೇಕು.

ಕಲಬುರಗಿಯ ತೊಗರಿ ಉಳಿದದ್ದು ಹೀಗೆ

ಹೈದರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದರೆ ಸಿಗುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಸಂಸ್ಥೆ ಇಕ್ರಿಸ್ಯಾಟ್. ಮಳೆಯನ್ನೇ ನಂಬಿದ ಒಣಭೂಮಿಯ ಬೆಳೆಗಳ ಮೇಲೆ ಸಂಶೋಧನೆ ಮಾಡುವ ಅಂತಾರಾಷ್ಟ್ರೀಯ ಕೇಂದ್ರ ಇದು. ಜೋಳ, ಸಜ್ಜೆ, ಕಡಲೆ, ಶೇಂಗಾ ಜೊತೆಗೆ ತೊಗರಿಯೂ ಅದರ ಪಟ್ಟಿಯಲ್ಲಿದೆ.

ಆ ಹೊತ್ತಿಗೆ ಉತ್ತರ ಕರ್ನಾಟಕದ ತೊಗರಿ ಹೊಲಗಳನ್ನು ಕಾಡುತ್ತಿದ್ದದ್ದು ಸೊರಗು ರೋಗ. ಕಲಬುರಗಿ ಕಡೆಯ ರೈತರ ಬಾಯಲ್ಲಿ ನೆಟೆ ರೋಗ. ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು, ನೀರು ಮೇಲೇರುವ ನಾಳಗಳನ್ನೇ ಕಟ್ಟಿಹಾಕುತ್ತದೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ನೆಲದಲ್ಲಿ ತೇವ ಇದ್ದರೂ ಗಿಡ ನಿಂತಲ್ಲೇ ಬಾಡುತ್ತದೆ. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ-ಕಂದು ಪಟ್ಟೆ ಏಳುತ್ತದೆ. ಸಿಪ್ಪೆ ಸುಲಿದು ನೋಡಿದರೆ ಒಳಗೆ ಕಪ್ಪು ಗೆರೆ. ಔಷಧಿ ಹೊಡೆದು ಉಳಿಸಿಕೊಳ್ಳುವ ರೋಗ ಇದಲ್ಲ. ತಡೆದುಕೊಳ್ಳುವ ಗಿಡ ಸಿಗಬೇಕು, ಅದೊಂದೇ ದಾರಿ.

ಪಟಾನ್‌ಚೆರುವಿನಲ್ಲಿ ಇದಕ್ಕೆಂದೇ ರೋಗದ ಮಣ್ಣಿನ ಹೊಲಗಳನ್ನು ಬೇಕೆಂದೇ ಸಿದ್ಧಪಡಿಸಿ, ಹಳ್ಳಿಹಳ್ಳಿಗಳಿಂದ ಬಂದ ತಳಿಗಳನ್ನು ಅದರಲ್ಲಿ ಬಿತ್ತಿ ಪರೀಕ್ಷಿಸಿದರು. ಬಹುಪಾಲು ಸತ್ತವು. ಬದುಕುಳಿದವುಗಳಲ್ಲಿ ಮಹಾರಾಷ್ಟ್ರದಿಂದ ಬಂದಿದ್ದ ಒಂದು ನಾಟಿ ತಳಿಯಿಂದ ಆರಿಸಿದ ಗಿಡವೂ ಇತ್ತು. ಅದಕ್ಕೆ ಕೊಟ್ಟ ಸಂಖ್ಯೆ ಐಸಿಪಿ 8863. 1986ರಲ್ಲಿ ಅದು 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕದ ರೈತರಿಗೆ ಬಿಡುಗಡೆಯಾಯಿತು. ಕಲಬುರಗಿ ಸೀಮೆಯಲ್ಲಿ ಮಾರುತಿ ಹಬ್ಬಿದ ವೇಗವನ್ನು ಹಳೆಯ ರೈತರು ಇವತ್ತಿಗೂ ನೆನೆಯುತ್ತಾರೆ. 'ತೊಗರಿಯ ಕಣಜ' ಎಂಬ ಮಾತು ಉಳಿದದ್ದರಲ್ಲಿ ಈ ತಳಿಯ ಪಾಲು ದೊಡ್ಡದು.

ಇಲ್ಲಿ ಗಮನಿಸಬೇಕಾದ್ದು ಒಂದು. ಮಾರುತಿ ಎರಡು ತಳಿಗಳನ್ನು ಕೂಡಿಸಿ ಹುಟ್ಟಿಸಿದ್ದಲ್ಲ. ಯಾರದೋ ಮನೆಯಲ್ಲಿ, ಯಾರೋ ವರ್ಷವರ್ಷವೂ ಎತ್ತಿಟ್ಟುಕೊಂಡು ಬಂದಿದ್ದ ಹಳೆಯ ಬೀಜದಲ್ಲೇ ಆ ಗುಣ ಇತ್ತು. ವಿಜ್ಞಾನಿಗಳು ಅದನ್ನು ಹುಡುಕಿ ತೆಗೆದರು. ಆ ಮನೆಯವರು ಒಂದು ವರ್ಷ 'ಪೇಟೆಯಲ್ಲಿ ಸಿಗುತ್ತದಲ್ಲ, ಬಿಡು' ಎಂದಿದ್ದರೆ ಹುಡುಕಲು ಏನೂ ಇರುತ್ತಿರಲಿಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸೊರಗು ರೋಗಕ್ಕೆ ಜಗ್ಗದ ಮಾರುತಿ, ಗೊಡ್ಡು ರೋಗಕ್ಕೆ ಸುಲಭದ ತುತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುವ ಈ ವೈರಸ್ ರೋಗ ಬಂದರೆ ಗಿಡ ಸಾಯುವುದಿಲ್ಲ; ಎಲೆ ಬಿಳಿಚಿಕೊಂಡು, ಪೊದೆಯಂತೆ ಬೆಳೆದು, ಒಂದು ಹೂವನ್ನೂ ಬಿಡದೆ ನಿಂತುಬಿಡುತ್ತದೆ. ಎರಡೂ ರೋಗ ತಡೆಯುವ 'ಆಶಾ' ತಳಿ 1993ರಲ್ಲಿ ಬಂತು. 2011ರಲ್ಲಿ ಪಟಾನ್‌ಚೆರುವಿನ ವಿಜ್ಞಾನಿಗಳ ಮುಂದಾಳತ್ವದ ತಂಡ ತೊಗರಿಯ ಪೂರ್ತಿ ವಂಶವಾಹಿ ನಕ್ಷೆ ಬಿಡಿಸಿದ್ದು ಇದೇ ಆಶಾ ತಳಿಯದ್ದು. ಆಮೇಲೂ ರೋಗ ಸುಮ್ಮನಿರಲಿಲ್ಲ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಮತ್ತೆ ನೆಟೆ ರೋಗಕ್ಕೆ ಸಿಕ್ಕಿ ಒಣಗಿದ್ದನ್ನು ರೈತರು ಮರೆತಿಲ್ಲ. ರೋಗ ರೂಪ ಬದಲಿಸುತ್ತಲೇ ಇರುತ್ತದೆ. ಅದಕ್ಕೆ ಎದುರು ನಿಲ್ಲುವ ಗುಣ ಯಾವ ಡಬ್ಬಿಯ ಯಾವ ಬೀಜದಲ್ಲಿದೆ ಎಂದು ಮೊದಲೇ ಗೊತ್ತಿರುವುದಿಲ್ಲ.

ಬಿತ್ತುವುದು ಯಾವಾಗ?

ಕೃಷಿ ಲೆಕ್ಕದಲ್ಲಿ ಮುಂಗಾರಿನ ಮೊದಲ ಹದ ಮಳೆ. ಹೈದರಾಬಾದಿನವರಿಗೆ ಇನ್ನೂ ಸುಲಭದ ಗುರುತು ಬೇಕೆಂದರೆ, ಮೃಗಶಿರಾ ಕಾರ್ತೆಯ ದಿನ ನಾಂಪಲ್ಲಿ ಮೈದಾನದಲ್ಲಿ ಮೀನಿನ ಪ್ರಸಾದಕ್ಕೆ ಜನ ಸಾಲು ನಿಲ್ಲುತ್ತಾರಲ್ಲ, ಅದಾದ ಮೇಲೆ ಎರಡು ಒಳ್ಳೆಯ ಮಳೆ ಬಿದ್ದರೆ ಬಿತ್ತಬಹುದು. ಜುಲೈ ಮಧ್ಯದ ತನಕ ಸಮಯ ಇದೆ.

ತಡ ಮಾಡಿದರೆ ಏನಾಗುತ್ತದೆ? ಜವಾರಿ ತೊಗರಿ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಹೈದರಾಬಾದಿನಲ್ಲಿ ಜೂನ್‌ನ ಹಗಲು ಸುಮಾರು 13 ಗಂಟೆ, ಡಿಸೆಂಬರ್‌ನದು 11 ಗಂಟೆ. ಹಗಲು ಕುಗ್ಗುತ್ತಾ ಬಂದಂತೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಗಿಡ ಬೆಳೆಯುವುದನ್ನು ಬಿಟ್ಟು ಹೂವಿನ ಕಡೆ ತಿರುಗುತ್ತದೆ. ಬೇಗ ಬಿತ್ತಿದ್ದು ಆಳೆತ್ತರ ಬೆಳೆದು ಹೂ ಬಿಟ್ಟರೆ, ತಡವಾಗಿ ಬಿತ್ತಿದ್ದು ಮೊಣಕಾಲೆತ್ತರದಲ್ಲೇ ಬಿಟ್ಟುಬಿಡುತ್ತದೆ. ಕಾಯಿ ಅದಕ್ಕೆ ತಕ್ಕಷ್ಟೇ.

ನಗರದವರಿಗೆ ಮಾತ್ರ ಎದುರಾಗುವ ಒಂದು ತೊಡಕೂ ಇದರಲ್ಲೇ ಇದೆ. ರಾತ್ರಿಯಿಡೀ ಉರಿಯುವ ಟೆರೇಸ್ ಲೈಟ್ ಅಥವಾ ಬೀದಿದೀಪದ ನೇರ ಬೆಳಕಿಗೆ ಗಿಡ ನಿಂತಿದ್ದರೆ, ಅದಕ್ಕೆ ಹಗಲು ಕುಗ್ಗಿದ್ದೇ ತಿಳಿಯದೆ ಹೂ ತಡವಾಗಬಹುದು. ನವೆಂಬರ್ ಕಳೆದರೂ ಗಿಡ ಬರೀ ಎಲೆ ಬಿಡುತ್ತಿದ್ದರೆ ಗೊಬ್ಬರವನ್ನು ದೂರುವ ಮೊದಲು ಮೇಲೆ ಯಾವ ದೀಪ ಇದೆ ನೋಡಿ.

ಬೇರು ಆಳಕ್ಕೆ ಇಳಿಯುವುದರಿಂದ ಸಣ್ಣ ಕುಂಡ ಸಾಲದು. ಒಂದೂವರೆ ಅಡಿ ಆಳದ ಗ್ರೋ ಬ್ಯಾಗ್ ಅಥವಾ ತಳಕ್ಕೆ ತೂತು ಹೊಡೆದ 20 ಲೀಟರ್ ಪೇಂಟ್ ಡಬ್ಬ ಆಗುತ್ತದೆ. ಒಂದಕ್ಕೆ ಒಂದೇ ಗಿಡ. ಹೊಲದಲ್ಲಿ ತೊಗರಿಗೆ ಎರೆಮಣ್ಣು ಒಗ್ಗುತ್ತದೆಂದು ಕುಂಡಕ್ಕೂ ಅದನ್ನೇ ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಸ್ವಲ್ಪ ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಯೂರಿಯಾ ಬೇಕಿಲ್ಲ, ಹಾಕಿದರೆ ಎಲೆಯೇ ಎಲೆ.

ಬಿತ್ತಿ 45-50 ದಿನಕ್ಕೆ ತುದಿ ಕುಡಿಯನ್ನು ಎರಡು ಇಂಚಿನಷ್ಟು ಚಿವುಟಬೇಕು. ಅಕ್ಕಪಕ್ಕ ಕವಲೊಡೆದು ಕಾಯಿ ಹಿಡಿಯುವ ಜಾಗ ಹೆಚ್ಚುತ್ತದೆ. ಕಲಬುರಗಿ ಹೊಲಗಳಲ್ಲಿ ಇದನ್ನು ಈಗ ಯಂತ್ರದಿಂದಲೂ ಮಾಡುತ್ತಾರೆ; ಹತ್ತು ಗಿಡಕ್ಕೆ ಹೆಬ್ಬೆರಳು-ತೋರುಬೆರಳು ಸಾಕು. ಹೂ ಉದುರುವುದನ್ನು ತಡೆಯಲು ರಾಯಚೂರು ಕೃಷಿ ವಿಶ್ವವಿದ್ಯಾಲಯ ರೂಪಿಸಿದ 'ಪಲ್ಸ್ ಮ್ಯಾಜಿಕ್' ಎಂಬ ಪೋಷಕಾಂಶದ ಮಿಶ್ರಣವೂ ಇದೆ. ಮನೆಗೆ ಅದು ಕಡ್ಡಾಯವೇನಲ್ಲ. ತೊಗರಿ ಬಿಡುವ ಹೂವಿನಲ್ಲಿ ಬಹುಪಾಲು ಉದುರುವುದು ಸಹಜ, ಗಾಬರಿಯಾಗಬೇಡಿ.

ಕಾಯಿಕೊರಕ ಹುಳು ಬಂದೇ ಬರುತ್ತದೆ. ಇದಕ್ಕೆ ಬಿಸಿಲು ಸೀಮೆಯ ರೈತರ ಹಳೆಯ ಉಪಾಯ ಟೆರೇಸಿಗೆ ಹೇಳಿ ಮಾಡಿಸಿದಂತಿದೆ. ಗಿಡದ ಬುಡಕ್ಕೆ ಬಟ್ಟೆಯೋ ತಾಡಪತ್ರಿಯೋ ಹಾಸಿ, ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ, ಬಿದ್ದ ಹುಳು ಹೆಕ್ಕಿ ತೆಗೆಯುವುದು. ಗೊಡ್ಡು ರೋಗ ಬಂದ ಗಿಡವನ್ನು ಮಾತ್ರ ಕನಿಕರ ತೋರದೆ ಕಿತ್ತು ಹಾಕಬೇಕು. ಹಸಿರಾಗಿದೆ, ಇರಲಿ ಎಂದು ಬಿಟ್ಟರೆ ಪಕ್ಕದ್ದಕ್ಕೂ ಹತ್ತುತ್ತದೆ.

ಜೇನು ಮಾಡುವ ಕಿತಾಪತಿ

ಬೀಜ ಉಳಿಸುವವರು ಹೆಚ್ಚಾಗಿ ಎಡವುವುದು ಇಲ್ಲಿ.

ಬಟಾಣಿಯ ಹೂವು ಅರಳುವ ಮೊದಲೇ ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಪಕ್ಕದಲ್ಲಿ ಬೇರೆ ತಳಿ ಇದ್ದರೂ ಬೀಜ ಬಹುಮಟ್ಟಿಗೆ ಶುದ್ಧ. ಅಲಸಂದೆಯೂ ಹಾಗೆಯೇ. ತೊಗರಿ ಹಾಗಲ್ಲ. ಅದರ ಹಳದಿ ಹೂವಿಗೆ ಜೇನು, ದುಂಬಿ ಮುತ್ತಿಕೊಳ್ಳುತ್ತವೆ. ನೂರು ಬೀಜದಲ್ಲಿ ಇಪ್ಪತ್ತರ ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು, ಬೇರೆ ಗಿಡದ ಪರಾಗದಿಂದ ಹುಟ್ಟಿದವು. ನಿಮ್ಮ ಗಿಡ ಅಜ್ಜಿಯ ಕಾಲದ್ದು, ಮೂರನೇ ಮನೆಯವರದ್ದು ಅಂಗಡಿಯಲ್ಲಿ ತಂದ ಹೊಸ ತಳಿ ಎಂದಾದರೆ, ನಾಲ್ಕೈದು ವರ್ಷದಲ್ಲಿ ಡಬ್ಬಿಯ ಮೇಲಿನ ಹೆಸರು ಮಾತ್ರ ಹಳೆಯದಾಗಿ ಉಳಿಯುತ್ತದೆ. ಗಿಡ ಚೆನ್ನಾಗಿಯೇ ಬೆಳೆಯುವುದರಿಂದ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ತಮಾಷೆಯೆಂದರೆ, ಪಟಾನ್‌ಚೆರುವಿನವರು ಇದೇ ಜೇನಿನ ಕೆಲಸವನ್ನು ನಂಬಿ ತೊಗರಿಯಲ್ಲಿ ಹೈಬ್ರಿಡ್ ತಳಿಗಳನ್ನು ರೂಪಿಸಿದರು. ಗಂಡುಗುಣ ಕಳೆದುಕೊಂಡ ಸಾಲಿಗೆ ಪಕ್ಕದ ಸಾಲಿನ ಪರಾಗ ತಂದು ಹಾಕುವ ಕೆಲಸವನ್ನು ಕೂಲಿಯಿಲ್ಲದೆ ಮಾಡುವುದು ಜೇನು. ಅಲ್ಲೇ ಇನ್ನೊಂದು ಬದಿಯಲ್ಲಿ, ಸಂಗ್ರಹದ ತಳಿಗಳ ಬೀಜ ಹೆಚ್ಚಿಸುವಾಗ ಕೀಟ ನುಸುಳದಂತೆ ಗಿಡಗಳನ್ನು ಬಲೆಯೊಳಗೆ ಇಡುತ್ತಾರೆ.

ಮನೆಯಲ್ಲಿ ಬಲೆಮನೆ ಬೇಕಿಲ್ಲ. ಪ್ರತಿ ಗಿಡದಲ್ಲಿ ಇನ್ನೂ ಅರಳದ ಮೊಗ್ಗಿನ ಒಂದೆರಡು ಗೊಂಚಲು ಆರಿಸಿ, ತೆಳುವಾದ ಮಲ್ ಬಟ್ಟೆಯ ಚೀಲ ತೊಡಿಸಿ ದಾರದಿಂದ ಸಡಿಲವಾಗಿ ಕಟ್ಟಿದರಾಯಿತು. ತೊಗರಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಜೇನು ಬಾರದಿದ್ದರೂ ನಡೆಯುತ್ತದೆ. ಕಾಯಿ ಬಲಿತ ಮೇಲೆ ಚೀಲ ತೆಗೆದು ಆ ಗೊಂಚಲಿಗೆ ಕೆಂಪು ದಾರ ಕಟ್ಟಿಡಿ. ಅದು ಬಿತ್ತನೆಗೆ, ಉಳಿದದ್ದು ಅಡುಗೆಗೆ.

ಎಷ್ಟು ಗಿಡದಿಂದ ಬೀಜ ಎತ್ತಬೇಕು? ಒಂದೇ ಚೆಂದದ ಗಿಡದಿಂದ ಎತ್ತಿದರೆ ಆ ಗಿಡದ ಗುಣ ಮಾತ್ರ ಉಳಿಯುತ್ತದೆ. ಜವಾರಿ ತಳಿಯ ಜೀವಾಳ ಇರುವುದೇ ಗಿಡಗಿಡಕ್ಕೂ ಇರುವ ಸಣ್ಣ ವ್ಯತ್ಯಾಸದಲ್ಲಿ. ಎಂಟು-ಹತ್ತು ಗಿಡ ಇದ್ದರೆ ಒಳ್ಳೆಯದು. ಜಾಗ ಇಲ್ಲವೆಂದರೆ ಅಕ್ಕನ ಮನೆಯಲ್ಲಿ ಮೂರು, ತಮ್ಮನ ಮನೆಯಲ್ಲಿ ಮೂರು ಎಂದು ಹಂಚಿಕೊಂಡು, ಕೊನೆಗೆ ಬೀಜ ಬೆರೆಸಿ ಪಾಲು ಮಾಡಿಕೊಳ್ಳಬಹುದು. ಒಂದು ಮನೆಯದು ಹಾಳಾದರೂ ಇನ್ನೊಂದರಲ್ಲಿ ಉಳಿಯುತ್ತದೆ ಎಂಬ ಲಾಭವೂ ಇದೆ.

ಬಟಾಣಿಯೇ ಬೇಕೆನ್ನುವವರು ಅಕ್ಟೋಬರ್ ಕೊನೆಗೆ ಬಿತ್ತಿದರೆ ಫೆಬ್ರವರಿಯಲ್ಲಿ ಒಣಕಾಳು ಸಿಗುತ್ತದೆ. ಚಳಿಯ ಬೆಳೆ ಅದು. ಹೈದರಾಬಾದಿನ ಚಳಿಗಾಲ ಚಿಕ್ಕದು, ಫೆಬ್ರವರಿ ಬಿಸಿಲು ಚುರುಕಾದರೆ ಹೂ ಉದುರುತ್ತದೆ. ಹಾಗಾಗಿ ಉಪ್ಪಿನ ಸಾಲಿಗೆ ನಾಲ್ಕು ಬಳ್ಳಿ ಸರಿ, ನೆಚ್ಚಿಕೊಳ್ಳುವ ಬೆಳೆಯಲ್ಲ.

ಒಣಗಿಸುವುದರಲ್ಲಿ ಎರಡು ಬಗೆ

ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಕಾಯಿ ಕಂದಾಗಿ, ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಎನ್ನುತ್ತದೆ. ಕೊಯ್ಯುವುದು ಬೆಳಗಿನ ತಂಪಿನಲ್ಲಿ. ಮಧ್ಯಾಹ್ನ ಕೈ ಹಾಕಿದರೆ ಕಾಯಿ ಸಿಡಿದು ಕಾಳು ಟೆರೇಸ್ ತುಂಬಾ.

ಅಡುಗೆಯ ಕಾಳನ್ನು ನಾಲ್ಕೈದು ದಿನ ಬಿಸಿಲಿಗೆ ಹಾಕಬಹುದು. ಬಿತ್ತನೆಯದನ್ನು ಕಾದ ಸಿಮೆಂಟಿನ ಮೇಲೆ ಹರಡಬಾರದು, ಒಳಗಿನ ಮೊಳಕೆಯ ಜೀವ ಬೆಂದುಹೋಗುತ್ತದೆ. ಬಟ್ಟೆಯ ಮೇಲೆ, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ವಾರ ಬಿಡಬೇಕು. ಹಲ್ಲಿನಲ್ಲಿ ಕಡಿದಾಗ ಗುರುತು ಬೀಳದೆ ಟಕ್ಕೆಂದು ಒಡೆದರೆ ಒಣಗಿದೆ ಎಂದರ್ಥ.

ಡಬ್ಬಿ ಮುಚ್ಚಿದ ಮೇಲೂ ಯುದ್ಧ ಮುಗಿದಿರುವುದಿಲ್ಲ. ಬೇಳೆಕಾಳಿನ ಕುಟ್ಟೆ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಮರಿ ಕಾಳಿನೊಳಗೆ ಕೊರೆದು, ತಿಂದು, ಎರಡು ತಿಂಗಳಿಗೆ ದುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. 'ಡಬ್ಬಿ ಭದ್ರವಾಗಿತ್ತು, ಹುಳು ಎಲ್ಲಿಂದ ಬಂತು' ಎಂಬ ಪ್ರಶ್ನೆಗೆ ಉತ್ತರ ಇದೇ. ಅದು ಬಂದದ್ದಲ್ಲ, ಒಳಗೇ ಇತ್ತು. ಹಳೆಯವರು ಬೂದಿ ಬೆರೆಸಿದರು, ಬೇವಿನ ಎಲೆ ಇಟ್ಟರು, ಹರಳೆಣ್ಣೆ ಸವರಿದರು, ಕೆಮ್ಮಣ್ಣು ಲೇಪಿಸಿದರು. ಎಲ್ಲದಕ್ಕೂ ಅದರದರ ಲಾಭ ಇದೆ. ಇವತ್ತಿನ ಮನೆಗೆ ಇನ್ನೊಂದು ದಾರಿ ಸುಲಭ: ಪೂರ್ತಿ ಒಣಗಿದ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಡುವುದು. ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಡಬ್ಬಿಯ ತಣುಪು ಆರುವವರೆಗೆ ಮುಚ್ಚಳ ತೆಗೆಯಬೇಡಿ, ಒಳಗೆ ನೀರು ಹನಿಯುತ್ತದೆ. ಅರೆಬರೆ ಒಣಗಿದ ಬೀಜ ಫ್ರೀಜರಿನಲ್ಲಿ ಬದುಕುವುದಿಲ್ಲ ಎಂಬುದೂ ನೆನಪಿರಲಿ.

ಸಾಮಾನ್ಯ ಡಬ್ಬಿಯಲ್ಲಿ ಎರಡು-ಮೂರು ವರ್ಷದ ಮೇಲೆ ಮೊಳಕೆ ಕುಸಿಯತೊಡಗುತ್ತದೆ. ಬಿತ್ತುವ ಮುಂಚೆ ಇಪ್ಪತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಐದಾರು ದಿನ ಬಿಟ್ಟು ಎಣಿಸಿ. ಹದಿನೈದಕ್ಕಿಂತ ಹೆಚ್ಚು ಮೊಳೆತರೆ ಚಿಂತೆಯಿಲ್ಲ. ಹತ್ತಕ್ಕೆ ಇಳಿದಿದ್ದರೆ ಈ ವರ್ಷವೇ ಬಿತ್ತಲೇಬೇಕು, ಮುಂದಿನ ವರ್ಷಕ್ಕೆ ಇಡುವ ಮಾತೇ ಇಲ್ಲ.

ಎಳ್ಳಮಾವಾಸ್ಯೆಯ ಭಜ್ಜಿಯಿಂದ ಖಟ್ಟಿ ದಾಲ್‌ವರೆಗೆ

ಒಣಗುವವರೆಗೆ ಕಾಯಲು ಆಗದವರಿಗೆ ಡಿಸೆಂಬರ್ ಕೊನೆಯ ಹಸಿ ಕಾಯಿಯೇ ಮೊದಲ ಸುಗ್ಗಿ. ತೆಲಂಗಾಣದಲ್ಲಿ ಕಂದಿಕಾಯ ಎಂದು ತಳ್ಳುಗಾಡಿಗಳಲ್ಲಿ ಮಾರುವುದು ಇದನ್ನೇ. ಕಾಯಿ ಸಮೇತ ಉಪ್ಪುನೀರಿನಲ್ಲಿ ಬೇಯಿಸಿ, ಬಿಡಿಸಿಕೊಂಡು ತಿನ್ನುತ್ತಾ ಕೂತರೆ ಒಂದು ಸಂಜೆ ಕಳೆಯುತ್ತದೆ.

ಕಲಬುರಗಿ-ಬೀದರ್ ಮೂಲದವರಿಗೆ ಹಸಿ ತೊಗರಿ ಎಂದರೆ ಎಳ್ಳಮಾವಾಸ್ಯೆ. ಆ ದಿನ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕೂತು ಉಣ್ಣುವಾಗ ಸಜ್ಜೆ ರೊಟ್ಟಿ, ಕಡುಬಿನ ಪಕ್ಕದಲ್ಲಿ ಭಜ್ಜಿ ಇರಲೇಬೇಕು. ಇದು ಕರಿದ ಭಜ್ಜಿಯಲ್ಲ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ ಎಲ್ಲವನ್ನೂ ಸೊಪ್ಪು, ಬದನೆ, ಗಜ್ಜರಿಯ ಜೊತೆ ಬೇಯಿಸಿ, ಹುಣಸೆ ರಸ, ಕಡಲೆ ಹಿಟ್ಟು ಹಾಕಿ ಕೂಡಿಸಿದ ಗಟ್ಟಿ ಪಲ್ಯ. ಆ ಹೊತ್ತಿಗೆ ಹೊಲದಲ್ಲಿ ಹಸಿಯಾಗಿರುವ ಪ್ರತಿಯೊಂದು ಕಾಳೂ ಒಂದೇ ಪಾತ್ರೆಗೆ ಬರುತ್ತದೆ. ಹೈದರಾಬಾದಿನಲ್ಲಿ ಚರಗ ಚೆಲ್ಲಲು ಹೊಲ ಇಲ್ಲದ ಮನೆಯವರು ಟೆರೇಸಿನ ಕುಂಡಗಳಿಗೇ ಒಂದು ಹಿಡಿ ಚೆಲ್ಲಿ ಕೆಳಗಿಳಿದರೆ ಯಾರೂ ತಪ್ಪು ಎನ್ನಲಾರರು.

ಒಣಗಿದ ಇಡಿ ತೊಗರಿ ರಾತ್ರಿಯಿಡೀ ನೆನೆಯಬೇಕು. ಬೆಳಿಗ್ಗೆ ಹೊಸ ನೀರಿನಲ್ಲಿ ಕುಕ್ಕರಿಗಿಟ್ಟು, ಬೆಂದ ಕಟ್ಟನ್ನು ಸಾರಿಗೆ ಬಸಿದುಕೊಂಡು, ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಒಣಕೊಬ್ಬರಿಯ ಒಗ್ಗರಣೆ ಕೊಟ್ಟರೆ ಉಸಳಿ. ಸಿಪ್ಪೆ ಸಮೇತ ಬೆಂದ ತೊಗರಿಗೆ ಮಣ್ಣಿನ ವಾಸನೆ ಬೆರೆತ ಒಂದು ಸೊಗಡಿದೆ. ಪಾಲಿಶ್ ಮಾಡಿದ ಬೇಳೆಯಲ್ಲಿ ಅದು ಸಿಗುವುದಿಲ್ಲ.

ಮನೆಯಲ್ಲೇ ಬೇಳೆ ಮಾಡುವುದು ಸ್ವಲ್ಪ ಹೆಣಗಾಟದ ಕೆಲಸ. ಕಾಳನ್ನು ಕೆಲಗಂಟೆ ನೆನೆಸಿ, ಕೆಮ್ಮಣ್ಣಿನ ರಾಡಿ ಕಲಸಿ ರಾತ್ರಿ ಗುಡ್ಡೆ ಹಾಕಿ, ಮೂರು-ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಮಣ್ಣು ಕೊಡವಿ, ಬೀಸುಕಲ್ಲಿನಲ್ಲಿ ಒಡೆದು, ಮೊರದಲ್ಲಿ ಕೇರುವುದು ಹಳೆಯ ಪದ್ಧತಿ. ತೊಗರಿಯ ಸಿಪ್ಪೆ ಅಂಟಿನಿಂದ ಕಚ್ಚಿಕೊಂಡಿರುತ್ತದೆ. ನೆನೆದು ಹಿಗ್ಗಿ, ಒಣಗಿ ಕುಗ್ಗಿದಾಗ ಆ ಹಿಡಿತ ಸಡಿಲವಾಗುತ್ತದೆ. ಬೀಸುಕಲ್ಲು ಇಲ್ಲದಿದ್ದರೆ ಮಿಕ್ಸಿಯನ್ನು ಒಂದೊಂದೇ ಕ್ಷಣ ತಿರುಗಿಸಿ ನಿಲ್ಲಿಸುವ ಉಪಾಯ ಇದೆ, ನುಚ್ಚು ಹೆಚ್ಚು ಬೀಳುತ್ತದೆ. ಆ ನುಚ್ಚು ವ್ಯರ್ಥವಲ್ಲ, ನುಚ್ಚಿನುಂಡೆಗೆ ಆಗುತ್ತದೆ.

ಇನ್ನು ಹೈದರಾಬಾದಿನ ಅಡುಗೆಮನೆಗಳಲ್ಲಿ ಆಗಾಗ ಕೇಳಿಬರುವ ದೂರು: ಬೇಳೆ ಬೇಯುವುದೇ ಇಲ್ಲ. ಕಾರಣ ಮೂರು. ಕಾಳು ಹಳೆಯದಾಗಿ, ಸೆಕೆಯಲ್ಲಿ ಬಹಳ ಕಾಲ ಇದ್ದರೆ ಗಟ್ಟಿಯಾಗುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಅದರ ಕ್ಯಾಲ್ಸಿಯಂ ಕಾಳಿನ ಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ನಲ್ಲಿಯ ನೀರಿನಲ್ಲೋ ಫಿಲ್ಟರ್ ನೀರಿನಲ್ಲೋ ಬೇಯಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೂರನೆಯದು ಅವಸರ. ಹುಣಸೆ, ಟೊಮೆಟೊ, ಮಾವಿನಕಾಯಿ ಯಾವುದನ್ನಾದರೂ ಬೇಳೆ ಮೆತ್ತಗಾಗುವ ಮೊದಲೇ ಹಾಕಿದರೆ ಹುಳಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಜೊತೆಗೆ ಬಿ ವಿಟಮಿನ್ನೂ ಹೋಗುತ್ತದೆ.

ಹೈದರಾಬಾದಿನ ಖಟ್ಟಿ ದಾಲ್‌ನಲ್ಲೂ ಇದೇ ಕ್ರಮ. ಬೇಳೆ, ಅರಿಶಿನ, ಶುಂಠಿ-ಬೆಳ್ಳುಳ್ಳಿ ಮೆತ್ತಗೆ ಬೆಂದು ಕಡೆದ ಮೇಲೆ ಹುಣಸೆ ರಸ, ಕುದಿ ಬಂದ ಮೇಲೆ ಜೀರಿಗೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವಿನ ಬಘಾರ್. ಕಲಬುರಗಿಯ ಹುಳಿಬ್ಯಾಳಿಗೂ ಇದಕ್ಕೂ ದೂರ ಹೆಚ್ಚಿಲ್ಲ. 1956ರವರೆಗೆ ಎರಡೂ ಊರು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವಲ್ಲ, ಬೇಳೆಗೆ ಗಡಿ ತಿಳಿಯದು. ಇವತ್ತು 'ಗುಲ್ಬರ್ಗಾ ತೊಗರಿ ಬೇಳೆ'ಗೆ 2019ರಲ್ಲಿ, ಗಡಿಯಾಚೆ ಸೇಡಂ-ಚಿಂಚೋಳಿಗೆ ತಾಗಿಕೊಂಡಂತಿರುವ ತಾಂಡೂರಿನ ತೊಗರಿಗೆ 2022ರಲ್ಲಿ ಬೇರೆಬೇರೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಎರಡೂ ಕಡೆ ನೆಲದಡಿಯಲ್ಲಿರುವುದು ಒಂದೇ ಬಗೆಯ ಸುಣ್ಣದ ಕಲ್ಲು. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು, ತಾಂಡೂರ್ ಕಲ್ಲು ಬರುವುದು ಅಲ್ಲಿಂದಲೇ.

ಬೀಜ ಎಲ್ಲಿ ಸಿಗುತ್ತದೆ?

ಪಟಾನ್‌ಚೆರುವಿನ ಜೀನ್ ಬ್ಯಾಂಕ್‌ನಲ್ಲಿ ತೊಗರಿಯೊಂದರದ್ದೇ 13,000ಕ್ಕೂ ಹೆಚ್ಚು ಮಾದರಿಗಳಿವೆ. ಚೆನ್ನಾಗಿ ಒಣಗಿಸಿ, ಬಳಕೆಗೆ ಬೇಕಾದದ್ದನ್ನು 4 ಡಿಗ್ರಿಯಲ್ಲಿ, ದೀರ್ಘಕಾಲಕ್ಕೆ ಇಡುವುದನ್ನು ಮೈನಸ್ 20 ಡಿಗ್ರಿಯಲ್ಲಿ ಕಾಪಾಡುತ್ತಾರೆ. ನಕಲು ಪ್ರತಿ ನಾರ್ವೆಯ ಸ್ವಾಲ್ಬಾರ್ಡ್‌ನ ಹಿಮದಡಿಯ ಕಣಜಕ್ಕೂ ಹೋಗಿದೆ. ಆದರೆ ಅಲ್ಲಿನ ಬೀಜ ಸಂಶೋಧನೆ, ತಳಿ ಅಭಿವೃದ್ಧಿ, ತರಬೇತಿಗೆ ಒಪ್ಪಂದದ ಮೇಲೆ ಕೊಡುವಂಥದ್ದು. ಟೆರೇಸ್ ತೋಟಕ್ಕೆಂದು ಗೇಟಿನ ಬಳಿ ಹೋಗಿ ನಿಂತರೆ ಪ್ರಯೋಜನವಿಲ್ಲ. ಇನ್ನೊಂದು ಮಾತು, ಮೈನಸ್ 20 ಡಿಗ್ರಿಯ ಬೀಜ ನಿದ್ದೆಯಲ್ಲಿರುತ್ತದೆ. ಬದಲಾಗುತ್ತಿರುವ ಮಳೆ, ಬಿಸಿಲು, ರೋಗವನ್ನು ಅದು ಕಂಡಿರುವುದಿಲ್ಲ. ಕಾಣುವುದು ಪ್ರತಿ ವರ್ಷ ಮಣ್ಣಿಗೆ ಬೀಳುವ ಬೀಜ.

ಹೈದರಾಬಾದಿನಿಂದ ಬೀದರ್ ದಾರಿಯಲ್ಲಿರುವ ಜಹೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ದಶಕಗಳಿಂದ ಮಾಡುತ್ತಿರುವುದು ಇದನ್ನೇ. ಬಹುಪಾಲು ದಲಿತ ಮಹಿಳೆಯರು, ಸಣ್ಣ ತುಂಡು ಭೂಮಿ. ಒಂದೇ ಹೊಲದಲ್ಲಿ ಹತ್ತಾರು ಬೆಳೆ, ಮನೆಯ ಮೂಲೆಯಲ್ಲಿ ಬೂದಿ-ಬೇವಿನೆಲೆ ಬೆರೆಸಿದ ಬೀಜದ ಬುಟ್ಟಿ. ಸಂಕ್ರಾಂತಿಯ ಹೊತ್ತಿಗೆ ಆರಂಭವಾಗುವ ಅವರ ಹಳೆಯ ಬೆಳೆಗಳ ಜಾತ್ರೆಯಲ್ಲಿ ಎತ್ತಿನ ಗಾಡಿಗಳು ಬೀಜ ಹೊತ್ತು ಊರೂರು ತಿರುಗುತ್ತವೆ. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಕರ್ನಾಟಕದಲ್ಲಾದರೆ ಬೆಂಗಳೂರಿನ ಸಹಜ ಸಮೃದ್ಧ ಬಳಗದ ಬೀಜ ಮೇಳಗಳಲ್ಲಿ ದೇಸಿ ಬೀಜ ಸಿಗುತ್ತದೆ. ಎಲ್ಲಕ್ಕಿಂತ ಹತ್ತಿರದ ದಾರಿ ಊರಿನ ಬಂಧುಗಳು. ಅಂಗಡಿಯ ಇಡಿ ತೊಗರಿ ಬಿತ್ತಿದರೂ ಮೊಳೆಯುತ್ತದೆ, ಯಾವ ತಳಿ ಎಂದು ಮಾತ್ರ ಹೇಳಲಾಗದು.

ಬೀಜ ಉಳಿಸುವುದು, ಬಿತ್ತುವುದು, ಹಂಚುವುದು, ಬ್ರ್ಯಾಂಡ್ ಹೆಸರು ಹಾಕದೆ ಮಾರುವುದು ರೈತರ ಹಕ್ಕು ಎಂದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಹೇಳುತ್ತದೆ. ರೈತ ತಳಿಯನ್ನು ಆ ಕಾಯ್ದೆಯಡಿ ನೋಂದಾಯಿಸಲೂ ಅವಕಾಶವಿದೆ. ಅದಕ್ಕೆ ತಳಿಯ ಚರಿತ್ರೆ ಬೇಕು. ಆದ್ದರಿಂದ ಡಬ್ಬಿಯ ಮೇಲೆ ಬರೀ 'ತೊಗರಿ' ಎಂದು ಬರೆದಿಡುವ ಬದಲು, ಬೀಜ ಯಾವ ಊರಿನದು, ಯಾರ ಮನೆಯದು, ಅಲ್ಲಿ ಏನೆಂದು ಕರೆಯುತ್ತಾರೆ, ಕಾಳು ಕೆಂಪೋ ಬಿಳಿಯೋ, ಎಷ್ಟು ದಿನಕ್ಕೆ ಹೂ ಬಿಟ್ಟಿತು ಎಂಬುದನ್ನು ಚೀಟಿಯಲ್ಲಿ ಬರೆದು ಕಾಳಿನ ಜೊತೆಗೇ ಹಾಕಿಡಿ. ಹೊರಗೆ ಅಂಟಿಸಿದ ಚೀಟಿ ಉದುರಿಹೋಗುತ್ತದೆ.

ಫೆಬ್ರವರಿಯಲ್ಲಿ ಕೊಯ್ಲು ಮುಗಿದ ಮೇಲೆ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ನೀರು ಕೊಟ್ಟರೆ ತೊಗರಿ ಮತ್ತೆ ಚಿಗುರುತ್ತದೆ. ಮೂಲದಲ್ಲಿ ಅದು ಹಲವು ವರ್ಷ ಬಾಳುವ ಗಿಡವೇ. ರೋಗವಿಲ್ಲದ ಒಂದೆರಡನ್ನು ಹಾಗೆ ಬಿಡಬಹುದು. ಕತ್ತರಿಸಿದ ಕಟ್ಟಿಗೆಯನ್ನು ಬಿಸಾಡಬೇಡಿ, ಮುಂದಿನ ಚಳಿಗಾಲದಲ್ಲಿ ಬಟಾಣಿ ಬಳ್ಳಿಗೆ ಆಸರೆ ಕೊಡಲು ಅದು ಬೇಕಾಗುತ್ತದೆ.